ಕೋವಿ ಮಡಚಿ ಹಿಡಿಯಿರಿ

ಭಾಗಮಂಡಲದ ಹತ್ತಿರದ ನಮ್ಮ ಮನೆಯಲ್ಲಿ ಕೋವಿ ಇರುತ್ತಿದ್ದದ್ದು ನಡುಮನೆಯ ಗೋಡೆಯ ಗೂಟದಲ್ಲಿ. ನಮ್ಮದು ಜಮ್ಮಾ ಮನೆ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯವರು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಹಾಗಾಗಿ ಕತ್ತಿ, ಗುದ್ದಲಿಯ ಹಾಗೆ ಕೋವಿಯೂ ನಮಗೆ ಮನೆಯ ಒಂದು ವಸ್ತು. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ದಿನ ಅದನ್ನು ಇಳಿಸಿ, ಒರೆಸಿ, ಗಂಧ ಹಚ್ಚಿ, ನಳಿಗೆಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು.

1982ರ ಹಬ್ಬ. ನನಗೆ ಹನ್ನೊಂದು ವರ್ಷ. ಪೂಜೆ ಮುಗಿದು, ಎಲೆಗೆ ಕಡಂಬಿಟ್ಟು ಬಡಿಸಿ ಆಗಿತ್ತು. ದೊಡ್ಡಪ್ಪ ನೆಂಟರೊಬ್ಬರಿಗೆ ತೋರಿಸಲು ಕೋವಿ ಕೈಗೆತ್ತಿಕೊಂಡರು. "ಖಾಲಿ ಇದೆ" ಅಂದರು. ಅವರು ನಿಜವಾಗಿಯೂ ಹಾಗೇ ನಂಬಿದ್ದರು. ಈಡು ಹಾರಿತು. ಮಾಡಿನ ಹಂಚು ಒಡೆದು ಚೂರುಗಳು ನಮ್ಮ ಎಲೆಗಳ ಮೇಲೆ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಆದರೆ ದೊಡ್ಡಪ್ಪ ಆ ದಿನ ಊಟ ಮಾಡಲಿಲ್ಲ. ಆ ಕೋವಿಗೆ ನಾವು ಹೂ ಮುಡಿಸಿದ್ದೆವು, ಕೈ ಮುಗಿದಿದ್ದೆವು. ನಳಿಗೆಯ ಒಳಗೆ ಮಾತ್ರ ಯಾರೂ ನೋಡಿರಲಿಲ್ಲ.

ನಾನು ಮೆಲ್ಬರ್ನ್‌ಗೆ ಬಂದದ್ದು 2005ರಲ್ಲಿ. ಮರುವರ್ಷ ಇಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಅಥೆನ್ಸ್‌ನಲ್ಲಿ 2004ರಲ್ಲಿ ಬೆಳ್ಳಿ ಗೆದ್ದಿದ್ದ ರಾಜ್ಯವರ್ಧನ್ ಸಿಂಗ್ ರಾಥೋಡ್ ಇಲ್ಲಿ ಡಬಲ್ ಟ್ರ್ಯಾಪ್‌ನಲ್ಲಿ ಚಿನ್ನ ಗೆದ್ದರು. ಗಾಳಿಗೆ ಎಸೆದ ಜೋಡಿ ಬಿಲ್ಲೆಗಳನ್ನು ಕೋವಿಯಿಂದ ಹೊಡೆಯುವ ಆಟ ಅದು. ಲಿಲಿಡೇಲ್ ಕಡೆಯ ಮೆಲ್ಬರ್ನ್ ಗನ್ ಕ್ಲಬ್ಬಿನಲ್ಲಿ ಆ ಸ್ಪರ್ಧೆ. ನೋಡಲು ಹೋಗಿದ್ದೆ. ಬಿಲ್ಲೆ ಪುಡಿಯಾಗುವುದಕ್ಕಿಂತ ಜಾಸ್ತಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ ಒಂದು. ಸುತ್ತು ಮುಗಿಸಿ ಬರುವ ಪ್ರತಿಯೊಬ್ಬನ ಕೋವಿಯೂ ನಡುವೆ ಮಡಚಿ ಬಾಯಿ ತೆರೆದಿತ್ತು. ದೂರದ ಬೆಂಚಿನಿಂದಲೇ ಆ ನಳಿಗೆಗಳಲ್ಲಿ ಏನೂ ಇಲ್ಲ ಅನ್ನುವುದು ಕಾಣುತ್ತಿತ್ತು. ಖಾಲಿ ಅಂತ ಯಾರೂ ಬಾಯಲ್ಲಿ ಹೇಳುವ ಅಗತ್ಯವೇ ಇರಲಿಲ್ಲ.

ಈಗ ನಾನು ಊರ ಹೊರಗಿನ ಒಂದು ಸಣ್ಣ ಕ್ಲಬ್ಬಿನ ಸದಸ್ಯ. ಹೊಸಬರು ಬರುವ ಭಾನುವಾರಗಳಲ್ಲಿ ಹೇಳಿಕೊಡುತ್ತೇನೆ. ನಮ್ಮ ಕನ್ನಡದವರೂ ಬರುತ್ತಾರೆ. ಹೆಚ್ಚಿನವರು ಕೋವಿ ಮುಟ್ಟಿಯೇ ಇರುವುದಿಲ್ಲ. ಅದು ಒಳ್ಳೆಯದೇ. ಕೆಟ್ಟ ಅಭ್ಯಾಸ ಬಿಡಿಸುವುದಕ್ಕಿಂತ ಒಳ್ಳೆಯ ಅಭ್ಯಾಸ ಹಚ್ಚುವುದು ಸುಲಭ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟದ ಬಗ್ಗೆ ಎರಡು ಮಾತು. ನಾವು ಹೊಡೆಯುವುದು ಅಂಗೈಗಿಂತ ಸ್ವಲ್ಪ ದೊಡ್ಡ ಬಿಲ್ಲೆ. ಸುಮಾರು 11 ಸೆಂಟಿಮೀಟರ್ ಅಗಲ, ತೂಕ 105 ಗ್ರಾಂ. ಮಣ್ಣಿನ ಬಿಲ್ಲೆ ಅಂತ ಹೆಸರು. ಆದರೆ ಮಾಡುವುದು ಡಾಂಬರಿನಂಥ ಪಿಚ್ ಮತ್ತು ಸುಣ್ಣಕಲ್ಲಿನ ಪುಡಿಯಿಂದ. ಮುಂದೆ ಒಂದು ತಗ್ಗಾದ ಗೂಡು ಇರುತ್ತದೆ. ಅದರೊಳಗಿನ ಯಂತ್ರ ಬಿಲ್ಲೆಯನ್ನು ನಮ್ಮಿಂದ ದೂರಕ್ಕೆ ಎಸೆಯುತ್ತದೆ. ಹಿಂದೆ ಕಮಾನಿನ ಹಾಗೆ ಐದು ಜಾಗಗಳು, ಐದು ಜನ. ಒಬ್ಬರಾದ ಮೇಲೆ ಒಬ್ಬರು ಹೊಡೆಯುತ್ತಾರೆ. ಐದೈದು ಬಿಲ್ಲೆಗೆ ಜಾಗ ಬದಲಾಗುತ್ತದೆ. ಒಟ್ಟು 25. ನಮ್ಮ ಕ್ಲಬ್ಬಿನಲ್ಲಿ ಜಾಸ್ತಿ ಆಡುವುದು ಈ ಬಗೆಯನ್ನೇ.

ಇನ್ನು ಕೋವಿ. ಇಲ್ಲಿ ಬಹುತೇಕ ಎಲ್ಲರದೂ ಜೋಡಿ ನಳಿಗೆಯ 12 ನಂಬರಿನ ತೋಟೆ ಕೋವಿ. ಒಂದರ ಮೇಲೊಂದು ನಳಿಗೆ. ಮೇಲಿನ ಸನ್ನೆಯನ್ನು (ಲಿವರ್) ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಕೋವಿ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಮಡಚಿದ ಕೋವಿಯಿಂದ ಈಡು ಹಾರುವುದು ಸಾಧ್ಯವಿಲ್ಲ. ಇದನ್ನು ಮನಸ್ಸಿಗೆ ಚೆನ್ನಾಗಿ ಹಾಕಿಕೊಳ್ಳಿ. ಉಳಿದ ಎಲ್ಲ ಅಭ್ಯಾಸವೂ ಇದರ ಮೇಲೆಯೇ ನಿಂತಿದೆ. ನಿಮ್ಮ ಕೋವಿ ಖಾಲಿ ಅಂತ ನಿಮಗೆ ಗೊತ್ತಿದ್ದರೆ ಸಾಲದು. ಹತ್ತು ಹೆಜ್ಜೆ ಆಚೆ ಕೂತು ಚಹಾ ಕುಡಿಯುತ್ತಿರುವವರಿಗೂ ಅದು ಕಾಣಬೇಕು.

ಹಾಗಾಗಿ ಕಾರಿನಿಂದ ಚೀಲದ ಜಿಪ್ಪು ತೆಗೆದು ಕೋವಿ ಎತ್ತಿಕೊಂಡ ಕೂಡಲೇ ಮೊದಲ ಕೆಲಸ ಅದನ್ನು ಮಡಚುವುದು. ನಳಿಗೆ ನೆಲ ನೋಡುತ್ತಿರುವಾಗಲೇ ಮಡಚಿ. ಎರಡೂ ನಳಿಗೆಯ ಒಳಗೆ ಕಣ್ಣು ಹಾಯಿಸಿ. ಆಕಾಶದ ಕಡೆ ಹಿಡಿದರೆ ಬೆಳಕು ಈ ತುದಿಯಿಂದ ಆ ತುದಿಗೆ ಕಾಣಬೇಕು. ಶುಚಿ ಮಾಡಿದ ಬಟ್ಟೆಯ ಚೂರು, ಹುಳು ಕಟ್ಟಿದ ಗೂಡು, ಏನೂ ಇರಬಾರದು. ಆಮೇಲೆ ಮಡಚಿದ ಕೋವಿಯನ್ನು ಮೊಣಕೈಯ ಮಡಿಲಿಗೆ ಹಾಕಿಕೊಂಡು ನಡೆಯಿರಿ. ಒಂದೇ ನಳಿಗೆಯ ಆಟೊಮ್ಯಾಟಿಕ್ ಕೋವಿ ಮಡಚಲು ಬರುವುದಿಲ್ಲ. ಅದರ ಬೋಲ್ಟ್ ಹಿಂದಕ್ಕೆಳೆದು, ತೋಟೆ ಕೂರುವ ಜಾಗಕ್ಕೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿ ಇಡುತ್ತಾರೆ. ಪಟ್ಟಿ ಹೊರಗೆ ಚಾಚಿಕೊಂಡಿದ್ದರೆ ಒಳಗೆ ತೋಟೆ ಇಲ್ಲ ಅಂತ ಅರ್ಥ.

ಯಾರಿಗಾದರೂ ಕೋವಿ ಕೊಡುವಾಗ ಮಡಚಿ, ಒಳಗೆ ತೋರಿಸಿ ಕೊಡಿ. ತೆಗೆದುಕೊಳ್ಳುವವರು ಮತ್ತೆ ನೋಡಬೇಕು. ಈಗ ತಾನೇ ಅವರೇ ನೋಡಿದ್ದಾರಲ್ಲ ಅಂತ ಬಿಡಬೇಡಿ. ನೋಡಿದರೆ ಅವಮಾನ ಅಂತ ನಮ್ಮವರಲ್ಲಿ ಕೆಲವರಿಗೆ ಅನ್ನಿಸುತ್ತದೆ. ಅಲ್ಲ. ನನ್ನ ದೊಡ್ಡಪ್ಪನನ್ನು ನಾನು ಎಷ್ಟು ನಂಬಿದ್ದೆ ಅಂದರೆ, ಅವರು ಖಾಲಿ ಅಂದ ಮೇಲೆ ಆ ನಳಿಗೆಯ ನೇರಕ್ಕೆ ಹೋಗಿ ಕೂರಲೂ ಹೆದರುತ್ತಿರಲಿಲ್ಲ. ಈಗ ಅದನ್ನು ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಜಾಗಕ್ಕೆ ಬಂದಿರಿ ಅಂತ ಇಟ್ಟುಕೊಳ್ಳಿ. ಹೊಡೆಯುವ ಜಾಗದಲ್ಲಿ ಕಾಲೂರಿ, ಮುಖ ಬಯಲಿನ ಕಡೆ ಮಾಡಿ ನಿಲ್ಲುವವರೆಗೂ ತೋಟೆ ಜೇಬಿನಲ್ಲೇ ಇರಲಿ. ಸರದಿ ಬಂದಾಗ ಹಾಕಿ. ಮೊದಲ ಸಲ ಬಂದವರಿಗೆ ನಾನು ಒಂದೇ ತೋಟೆ ಕೊಡುವುದು. ಎರಡನೆಯ ನಳಿಗೆ ಖಾಲಿಯೇ. ನಿಮ್ಮ ಹಿಂದಿನ ಸರದಿಯವರು ಹೊಡೆಯುವವರೆಗೆ ಕೋವಿ ಮುಚ್ಚಬೇಡಿ. ಮುಚ್ಚುವ ರೀತಿಯೂ ಒಂದಿದೆ. ಸಾಮಾನ್ಯವಾಗಿ ಹೊಸಬರು ನಳಿಗೆಯನ್ನು ಮೇಲಕ್ಕೆ ಝಾಡಿಸಿ ಟಪ್ ಅಂತ ಮುಚ್ಚುತ್ತಾರೆ. ಹಾಗೆ ಮಾಡಿದರೆ ಮುಚ್ಚಿದ ಆ ಕ್ಷಣದಲ್ಲಿ ನಳಿಗೆ ಎತ್ತ ನೋಡುತ್ತಿರುತ್ತದೋ ಹೇಳಲು ಬರುವುದಿಲ್ಲ. ನಳಿಗೆ ಮುಂದಿನ ನೆಲ ನೋಡುತ್ತ ಹಾಗೇ ಇರಲಿ. ಬಲಗೈಯಲ್ಲಿ ಹಿಂದಿನ ಮರದ ಭಾಗವನ್ನು ಮೇಲೆತ್ತಿ ನಳಿಗೆಗೆ ಸೇರಿಸಿ. ನಾಲ್ಕು ಸಲ ಖಾಲಿ ಕೋವಿಯಲ್ಲಿ ಮಾಡಿ ನೋಡಿದರೆ ಕೈಗೆ ಹತ್ತಿಬಿಡುತ್ತದೆ.

ಬೆರಳಿನ ವಿಷಯ. ಕೋವಿ ಭುಜಕ್ಕೆ ಏರಿ, ಕೆನ್ನೆ ಮರಕ್ಕೆ ಒರಗಿ, ಬಿಲ್ಲೆ ಬಿಡಲು ನೀವು "ಪುಲ್" ಅಂತ ಕೂಗಲು ಸಿದ್ಧರಾಗುವವರೆಗೆ ತೋರುಬೆರಳು ಕುದುರೆಯ (ಟ್ರಿಗರ್) ಕಾವಲು ಬಳೆಯ ಹೊರಗೆ, ಉದ್ದಕ್ಕೆ ಚಾಚಿಕೊಂಡಿರಬೇಕು. ಮನುಷ್ಯ ಎಡವಿದಾಗ, ಬೆಚ್ಚಿದಾಗ ಕೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಬೆರಳು ಒಳಗಿದ್ದರೆ ಕತೆ ಮುಗಿಯಿತು.

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಚುರುಕು. ಹೇಳಿದ್ದನ್ನು ಬೇಗ ಹಿಡಿಯುತ್ತಿದ್ದಳು. ಕೋವಿ ಮುಚ್ಚಿಕೊಂಡೇ ನನ್ನ ಕಡೆ ತಿರುಗಲು ಹೊರಟಳು. ನಾನು ನಳಿಗೆಯ ಮೇಲೆ ಕೈಯಿಟ್ಟು ತಡೆದೆ.

"ಅಂಕಲ್, ಸೇಫ್ಟಿ ಹಾಕೀನ್ರಿ" ಅಂದಳು.

"ಇರಲಿ ಕಣಮ್ಮ. ಮೊದಲು ಮಡಚು, ಆಮೇಲೆ ಮಾತಾಡೋಣ."

ಸೇಫ್ಟಿ ಗುಂಡಿಯನ್ನು ನಂಬಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೆಚ್ಚಿನ ಕೋವಿಗಳಲ್ಲಿ ಅದು ಕುದುರೆಯನ್ನು ಮಾತ್ರ ತಡೆಯುತ್ತದೆ. ಒಳಗಿನ ಸುತ್ತಿಗೆ ಎದ್ದೇ ಇರುತ್ತದೆ. ಕೋವಿ ಜೋರಾಗಿ ಬಿದ್ದರೆ, ಒಳಗಿನ ಭಾಗ ಸವೆದಿದ್ದರೆ ಈಡು ಹಾರಬಹುದು. ಈ ಆಟಕ್ಕೆಂದೇ ಮಾಡಿದ ಎಷ್ಟೋ ಕೋವಿಗಳಲ್ಲಿ ಸೇಫ್ಟಿಯೇ ಇರುವುದಿಲ್ಲ, ಇಲ್ಲವೇ ಅದನ್ನು ಕೆಲಸ ಮಾಡದ ಹಾಗೆ ಕಟ್ಟಿರುತ್ತಾರೆ. ನಮ್ಮ ಸೇಫ್ಟಿ ಅಂದರೆ ಮಡಚಿದ ಕೋವಿಯೇ.

ಇನ್ನೊಂದು ಮಾತು. ಇಷ್ಟು ವರ್ಷ ನೋಡಿದ್ದರಲ್ಲಿ ಅತಿ ಅಪಾಯದ ಗಳಿಗೆ ಅಂತ ನನಗೆ ಅನ್ನಿಸಿರುವುದು ಹೊಸಬರು ತಮ್ಮ ಮೊದಲ ಬಿಲ್ಲೆ ಒಡೆದ ಗಳಿಗೆ. ಕಪ್ಪು ಪುಡಿ ಗಾಳಿಯಲ್ಲಿ ಹರಡುತ್ತದೆ. ಹಿಂದೆ ನಿಂತ ಗೆಳೆಯರು ಕೂಗುತ್ತಾರೆ. ಹೊಡೆದವರು ಖುಷಿಯಿಂದ ಗೆಳೆಯರ ಕಡೆ ತಿರುಗುತ್ತಾರೆ, ಕೋವಿಯೂ ಜೊತೆಗೆ ತಿರುಗುತ್ತದೆ. ಅದಕ್ಕೇ ನಾನು ಯಾವಾಗಲೂ ಬಲಭುಜದ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಲ್ಲುತ್ತೇನೆ. ನೀವು ಯಾರನ್ನಾದರೂ ಕರೆದುಕೊಂಡು ಬಂದಿದ್ದರೆ ದಯವಿಟ್ಟು ಅವರ ಹೆಸರು ಹಿಡಿದು ಕೂಗಬೇಡಿ. "ಇಲ್ಲಿ ನೋಡು, ಫೋಟೋ" ಅಂತ ಕರೆಯಲೇಬೇಡಿ. ಕೋವಿ ಮಡಚಿ, ಜಾಗ ಬಿಟ್ಟು ಬಂದ ಮೇಲೆ ಎಷ್ಟು ಬೇಕಾದರೂ ಫೋಟೋ ತೆಗೆಯಿರಿ.

ನನಗೂ ಹೀಗೇ ಆಗಿದೆ. ಕ್ಲಬ್ ಸೇರಿದ ಎರಡನೇ ವರ್ಷ. ಹಿಂದಿನಿಂದ ಒಬ್ಬರು ಏನೋ ಕೇಳಿದರು. ಉತ್ತರ ಕೊಡಲು ತಿರುಗಿದೆ. ಕೋವಿ ಮುಚ್ಚಿತ್ತು, ಒಳಗೆ ತೋಟೆ ಇತ್ತು. ಪಕ್ಕದ ಜಾಗದಲ್ಲಿದ್ದ ಹಿರಿಯರೊಬ್ಬರು ಒಂದು ಮಾತೂ ಆಡದೆ ನನ್ನ ನಳಿಗೆ ಹಿಡಿದು ನೆಲದ ಕಡೆ ಒತ್ತಿದರು. ಸುತ್ತು ಮುಗಿದ ಮೇಲೆ ಕರೆದು, ನಾನು ನಿಂತಿದ್ದ ಜಾಗ ತೋರಿಸಿ, ನಳಿಗೆಯ ನೇರದಲ್ಲಿ ಎಷ್ಟು ಜನ ಕೂತಿದ್ದರು ಎಣಿಸಲು ಹೇಳಿದರು. ಏಳು. ಆ ಏಳು ಮುಖ ನನಗೆ ಇವತ್ತಿಗೂ ನೆನಪಿದೆ.

ಜಾಗ ಬದಲಾಯಿಸುವಾಗ ಕೋವಿ ಖಾಲಿ, ಮಡಚಿದ್ದು. ಐದನೇ ಜಾಗದವರು ಉಳಿದ ನಾಲ್ವರ ಬೆನ್ನ ಹಿಂದೆ ನಡೆದು ಮೊದಲ ಜಾಗಕ್ಕೆ ಬರಬೇಕು. ಹಾಗಾಗಿ ಅವರು ಇನ್ನೂ ಜಾಸ್ತಿ ಎಚ್ಚರವಾಗಿರಬೇಕು. ಕಾಲ ಕೆಳಗೆ ಬಿದ್ದ ಖಾಲಿ ತೋಟೆ ಹೆಕ್ಕಲು ನಡುವೆ ಬಗ್ಗಬೇಡಿ. ಕೊನೆಗೆ ಗುಡಿಸಿದರಾಯಿತು.

ಈಗ ತೋಟೆಯ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದಿ. ಊರಿನಲ್ಲಿ ಕೋವಿ ಬಲ್ಲವರೂ ಇದರಲ್ಲಿ ತಪ್ಪುತ್ತಾರೆ.

12 ನಂಬರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿಲಿಮೀಟರ್. 20 ನಂಬರಿನದು ಸುಮಾರು 15.6. ನಂಬರ್ ಜಾಸ್ತಿಯಾದಷ್ಟೂ ನಳಿಗೆ ಸಣ್ಣದು. 20 ನಂಬರಿನ ತೋಟೆಯನ್ನು 12ರ ಕೋವಿಗೆ ಹಾಕಿದರೆ ಅದು ಹಿಂಬದಿಯಲ್ಲಿ ನಿಲ್ಲುವುದಿಲ್ಲ. ಒಳಗೆ ಜಾರಿ, ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ನಳಿಗೆ ಖಾಲಿಯ ಹಾಗೆ ಕಾಣುತ್ತದೆ. ತೋಟೆ ಹಾಕಲು ಮರೆತೆ ಅಂದುಕೊಂಡು ನೀವು ಇನ್ನೊಂದು, ಸರಿಯಾದ 12ರ ತೋಟೆ ಹಾಕುತ್ತೀರಿ. ಅದು ಸರಿಯಾಗಿ ಕೂರುತ್ತದೆ. ಕುದುರೆ ಎಳೆದರೆ ನಳಿಗೆ ಒಡೆಯುತ್ತದೆ. ಒಡೆಯುವ ಜಾಗ ನಿಮ್ಮ ಎಡಗೈ ಹಿಡಿದ ಜಾಗದ ಹತ್ತಿರವೇ. ಇದೇ ಕಾರಣಕ್ಕೆ 20 ನಂಬರಿನ ತೋಟೆಯನ್ನು ಹಳದಿ ಬಣ್ಣದಲ್ಲಿ ಮಾಡುತ್ತಾರೆ. ಎರಡು ನಂಬರಿನ ತೋಟೆ ಒಂದೇ ಜೇಬಿನಲ್ಲಿ, ಒಂದೇ ಚೀಲದಲ್ಲಿ ಎಂದಿಗೂ ಇರಬಾರದು. ಮಗನ ಕೋವಿ 20, ನಿಮ್ಮದು 12 ಆಗಿದ್ದರೆ ಅವನ ತೋಟೆ ಅವನ ಚೀಲದಲ್ಲೇ ಇರಲಿ. ಮನೆಗೆ ಹೋಗಿ ಜಾಕೆಟ್ಟಿನ ಎಲ್ಲ ಜೇಬೂ ಖಾಲಿ ಮಾಡಿ. ಹೋದ ತಿಂಗಳ ಒಂದು ತೋಟೆ ಮೂಲೆಯಲ್ಲಿ ಉಳಿದಿರುತ್ತದೆ.

ಉದ್ದವೂ ಮುಖ್ಯ. ಈಗಿನ ಕೋವಿಗಳ ಚೇಂಬರ್ 70 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ. ಹಳೆಯ ಕೋವಿಗಳಲ್ಲಿ ಎಷ್ಟೋ 65ರವು ಇವೆ. ತೋಟೆಯ ಮೇಲೆ ಬರೆದಿರುವ ಉದ್ದ ಅದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾಗಾಗಿ 70ರ ತೋಟೆ 65ರ ಕೋವಿಯೊಳಗೆ ಸಲೀಸಾಗಿ ಕೂರುತ್ತದೆ, ಆದರೆ ಸಿಡಿಯುವಾಗ ಬಿಚ್ಚಿಕೊಳ್ಳಲು ಜಾಗ ಇರುವುದಿಲ್ಲ. ಒತ್ತಡ ಏರುತ್ತದೆ. ಕೊಡಗಿನಲ್ಲಿ, ಮಲೆನಾಡಿನಲ್ಲಿ ಅಜ್ಜನ ಕಾಲದ ಕೋವಿ ಇಟ್ಟುಕೊಂಡವರು ಇದನ್ನು ಗಮನಿಸಬೇಕು. ಕೋವಿ ರಿಪೇರಿ ಬಲ್ಲವರಿಗೆ ತೋರಿಸಿ ಅಳತೆ ತೆಗೆಸಿ. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ.

ಕುದುರೆ ಎಳೆದಿರಿ, ಬರೀ "ಟಕ್" ಅಂದಿತು. ಏನು ಮಾಡಬೇಕು? ಏನೂ ಮಾಡಬೇಡಿ. ಕೋವಿ ಬಯಲಿನ ಕಡೆಯೇ ಇರಲಿ. ಒಮ್ಮೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ. ಮನಸ್ಸಿನಲ್ಲೇ 30ರವರೆಗೆ ಎಣಿಸಿ. ಆಮೇಲೆ ಮುಖ ಪಕ್ಕಕ್ಕೆ ಮಾಡಿ ಮಡಚಿ. ಪಕ್ಕದಲ್ಲಿ ನಿಂತವರಿಗೆ, ರೆಫ್ರಿಗೆ ಹೇಳಿ. ತಿರುಗಿ ಹೇಳಬೇಡಿ, ಬಾಯಲ್ಲಿ ಹೇಳಿದರೆ ಸಾಕು.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಈಡು ಹಾರಿತು, ಆದರೆ ಸದ್ದು ಸಪ್ಪೆ. ಭುಜಕ್ಕೆ ಒದೆತ ಬರಲಿಲ್ಲ. ತೋಟೆಯೊಳಗೆ ಚರೆಗೂ (ಸಣ್ಣ ಗುಂಡುಗಳು) ಮದ್ದಿಗೂ ನಡುವೆ ಪ್ಲಾಸ್ಟಿಕ್ ಅಥವಾ ನಾರಿನ ಬೆಂಡು ಇರುತ್ತದೆ. ಅದು ನಳಿಗೆಯಲ್ಲೇ ಉಳಿದಿರಬಹುದು. ಮುಂದಿನ ಬಿಲ್ಲೆಯ ಆಸೆಗೆ ಇನ್ನೊಂದು ತೋಟೆ ಹಾಕಿದಿರೋ, ಮುಂದೆ ದಾರಿ ಇಲ್ಲದೆ ನಳಿಗೆ ಒಡೆಯುತ್ತದೆ. ಸದ್ದು ಬೇರೆಯಾಗಿತ್ತು ಅನ್ನಿಸಿದ ಕೂಡಲೇ ನಿಲ್ಲಿಸಿ. ಮಡಚಿ, ತೋಟೆ ತೆಗೆದು, ಹಿಂದಿನಿಂದ ನಳಿಗೆಯ ಉದ್ದಕ್ಕೂ ನೋಡಿ. ಬೆಳಕು ಕಾಣದಿದ್ದರೆ ಆ ದಿನ ಆ ಕೋವಿಯ ಆಟ ಅಲ್ಲಿಗೇ ಸಾಕು, ಅಥವಾ ಕೋಲು ಹಾಕಿ ತಳ್ಳಿ ತೆಗೆಯುವವರೆಗೆ ಕಾಯಬೇಕು. ಪಕ್ಕದವರ ಕೋವಿಯ ಸದ್ದು ಸಪ್ಪೆಯಾಗಿದ್ದು ನಿಮಗೆ ಕೇಳಿದರೂ "ನಿಲ್ಲಿಸಿ" ಅಂತ ಜೋರಾಗಿ ಕೂಗುವ ಹಕ್ಕು ನಿಮಗಿದೆ. ನಿನ್ನೆ ಸೇರಿದವರಿಗೂ ಇದೆ. ಆ ಕೂಗು ಕೇಳಿದರೆ ಐದೂ ಕೋವಿ ಮಡಚಿಕೊಳ್ಳಬೇಕು. ಯಾಕೆ ಅಂತ ಆಮೇಲೆ ಕೇಳಿ.

ಬಿಲ್ಲೆ ಎಸೆಯುವ ಯಂತ್ರದ ಹತ್ತಿರ ನೀವಾಗಿ ಹೋಗಬೇಡಿ. ಅದರ ತೋಳಿಗೆ ಬಲವಾದ ಸ್ಪ್ರಿಂಗ್ ಇದೆ. ಕರೆಂಟ್ ತೆಗೆದ ಮೇಲೂ ತೋಳು ಬಿಗಿದುಕೊಂಡೇ ಇರಬಹುದು. ಮೂಳೆ ಮುರಿಯಲು ಅಷ್ಟು ಸಾಕು. ಬಿಲ್ಲೆ ತುಂಬಲು ಯಾರಾದರೂ ಗೂಡಿಗೆ ಹೋಗಿದ್ದರೆ ಅವರು ವಾಪಸು ಬಂದು ಬೆಂಚಿನ ಹಿಂದೆ ನಿಲ್ಲುವವರೆಗೆ ಕೋವಿ ಕೈಗೇ ತೆಗೆದುಕೊಳ್ಳಬೇಡಿ, ಅದು ಸ್ಟ್ಯಾಂಡಿನಲ್ಲೇ ಇರಲಿ.

ಕಿವಿ ಮತ್ತು ಕಣ್ಣು. 12 ನಂಬರಿನ ಕೋವಿಯ ಸದ್ದು 140 ಡೆಸಿಬಲ್ ದಾಟುತ್ತದೆ. ಒಂದೇ ಈಡಿನಿಂದಲೂ ಕಿವಿಗೆ ಪೆಟ್ಟಾಗಬಹುದು. ನಮ್ಮೂರಿನ ಹಳೆಯ ಬೇಟೆಗಾರರಲ್ಲಿ ಎಡಗಿವಿ ಮಂದವಾದವರನ್ನು ನಾನು ಬಹಳ ನೋಡಿದ್ದೇನೆ. ಬಲಭುಜಕ್ಕೆ ಕೋವಿ ಇಟ್ಟರೆ ನಳಿಗೆಯ ಕಡೆ ಇರುವುದು ಎಡಗಿವಿ. ಸುಮ್ನೆ ನೋಡಲು ಬಂದವರೂ, ಮಕ್ಕಳೂ ಕಿವಿಗೆ ಹಾಕಲೇಬೇಕು. ಕನ್ನಡಕ ಬೇಕಾದದ್ದು ಒಡೆದ ಬಿಲ್ಲೆಯ ಚೂರಿಗೆ. ಗಾಳಿ ಎದುರಿನಿಂದ ಬೀಸಿದರೆ ಚೂರು ನಮ್ಮ ಮೇಲೇ ಬರುತ್ತದೆ.

ನಿಲ್ಲುವ ರೀತಿ ಸರಿಯಿದ್ದರೆ ಒದೆತದ ಭಯ ಕಡಿಮೆ. ಬಲಗೈಯವರಾದರೆ ಎಡಗಾಲು ಅರ್ಧ ಹೆಜ್ಜೆ ಮುಂದೆ, ಮೈಭಾರ ಆ ಕಾಲಿನ ಮೇಲೆ. ಹಿಂದಕ್ಕೆ ವಾಲಿ ನಿಂತವರನ್ನು ಒಂದೇ ಈಡು ಅಲುಗಾಡಿಸಿಬಿಡುತ್ತದೆ, ಕೋವಿ ಮೇಲಕ್ಕೆ ಹೋಗುತ್ತದೆ. ಹಿಂಬದಿ ಭುಜದ ಗುಳಿಯಲ್ಲಿ ಬಿಗಿಯಾಗಿರಲಿ. ತೋಳಿನ ಮೇಲೆ ಇಟ್ಟರೆ ನೀಲಿಗಟ್ಟುತ್ತದೆ.

ಚರೆ ಸೀಸದ್ದು. ಹೊಡೆದ ಮೇಲೆ ಕೈಯಲ್ಲಿ, ಬಟ್ಟೆಯಲ್ಲಿ ಅದರ ಧೂಳು ಇರುತ್ತದೆ. ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬಂದು, ಎರಡು ಸುತ್ತಿನ ನಡುವೆ ಹಾಗೇ ಕೈ ಹಾಕಿ ತಿನ್ನುವುದನ್ನು ನೋಡಿದ್ದೇನೆ. ಸೋಪು ಹಚ್ಚಿ ತೊಳೆದು ತಿನ್ನಿ. ಮನೆಗೆ ಹೋಗಿ ಅಂಗಿ ಬದಲಾಯಿಸಿದ ಮೇಲೆ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಿ. ಕುಡಿತದ ಬಗ್ಗೆ ಹೇಳುವುದು ಒಂದೇ ವಾಕ್ಯ: ಹೊಡೆಯುವ ಮುಂಚೆ ಒಂದು ಹನಿಯೂ ಬೇಡ. ಹಿಂದಿನ ರಾತ್ರಿ ಜಾಸ್ತಿಯಾಗಿದ್ದರೂ ಬರಬೇಡಿ.

ಮುಂದೆ ಸ್ವಂತ ಕೋವಿ ಬೇಕು ಅನ್ನಿಸಿದರೆ ನಮ್ಮ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಸುರಕ್ಷತಾ ತರಗತಿ, ಪೊಲೀಸರ ಲೈಸೆನ್ಸ್ ಎರಡೂ ಬೇಕು. ಮೊದಲ ಕೋವಿಗೆ ಅರ್ಜಿ ಹಾಕಿದ ಮೇಲೆ 28 ದಿನ ಕಾಯಬೇಕು. ಆತ್ಮರಕ್ಷಣೆಗೆ ಅಂದರೆ ಲೈಸೆನ್ಸ್ ಸಿಗುವುದಿಲ್ಲ. 1996ರಲ್ಲಿ ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ ಇಡೀ ದೇಶ ಕಾನೂನು ಬಿಗಿ ಮಾಡಿತು. ಇದು ಸರಿ ಅಂತಲೇ ನಾನು ನಂಬಿರುವುದು. ಮನೆಯಲ್ಲಿ ಕೋವಿ ಬೀಗದ ಪೆಟ್ಟಿಗೆಯಲ್ಲಿ, ತೋಟೆ ಬೇರೆ ಬೀಗದಲ್ಲಿ ಇರಬೇಕು. ಬೀಗದ ಕೈ ನಿಮ್ಮ ಹತ್ತಿರ. ನೆಂಟರು ಬಂದು "ಒಂದು ಸಲ ತೋರಿಸಿ" ಅಂದರೆ ನಾನು ತೋರಿಸುವುದಿಲ್ಲ. "ಭಾನುವಾರ ಕ್ಲಬ್ಬಿಗೆ ಬನ್ನಿ, ಅಲ್ಲಿ ಹೊಡೆದೇ ನೋಡಿ" ಅನ್ನುತ್ತೇನೆ. ಕೆಲವರಿಗೆ ಬೇಸರವಾಗಿದೆ. ಆಗಲಿ.

ಲೈಸೆನ್ಸ್ ಇಲ್ಲದೆಯೂ ನಮ್ಮ ಕ್ಲಬ್ಬಿಗೆ ಬಂದು, ಒಂದು ಹೇಳಿಕೆಗೆ ಸಹಿ ಹಾಕಿ, ಹೇಳಿಕೊಡುವವರ ಪಕ್ಕದಲ್ಲಿ ನಿಂತು ಹೊಡೆಯಬಹುದು. ಬರುವಾಗ ಮುಂದೆ ಮುಚ್ಚಿದ ಶೂ ಹಾಕಿ, ಚಪ್ಪಲಿ ಬೇಡ. ಅಂಚಿರುವ ಟೋಪಿ ತನ್ನಿ. ಸಡಿಲವಾದ ದುಪಟ್ಟಾ, ಉದ್ದ ಸರ ಕಾರಿನಲ್ಲೇ ಬಿಡಿ. ಕಿವಿಗೆ, ಕಣ್ಣಿಗೆ ಹಾಕುವುದನ್ನು ನಾವೇ ಕೊಡುತ್ತೇವೆ. ಕೋವಿಯೂ ಕ್ಲಬ್ಬಿನದೇ. ನಿಮ್ಮ ಕೈಗೆ ಕೊಡುವಾಗ ನಾನು ಮಡಚಿ, ಒಳಗೆ ತೋರಿಸುತ್ತೇನೆ. ನೀವೂ ನೋಡಿ.